ಹವಳದ ಅಣಬೆಯ ತುದಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಬಣ್ಣದಂಗಡಿಯ ಯಜಮಾನ ಗುರುವಾರ ಸಂಜೆಯಿಂದ ಭಾನುವಾರ ಬೆಳಗಿನ ತನಕ ಎಂಟು ಸಲ ಉಂಡಿದ್ದ, ಮೂರು ಸಲ ಮಲಗಿ ಎದ್ದಿದ್ದ. ಜಗಳ ಮಾತ್ರ ಕೂತಲ್ಲೇ ಕೂತಿತ್ತು. ಆ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಇವನ ಹೆಂಡತಿಯ ಪರಿಚಯ ಇರಲಿಲ್ಲ, ಅಷ್ಟೇ.

ಜಗಳ ಎಂದರೆ ಕೂಗಾಟವಲ್ಲ. ಕೂಗಾಡಿದ್ದರೆ ಅವನು ಹೇಗೋ ಬಚಾವಾಗುತ್ತಿದ್ದ. ಅವಳು ಮಾತು ಬಿಟ್ಟಿದ್ದಳು. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ಒಗೆದ ಅಂಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬೇರೆ ಗಂಡಂದಿರು ಮೂರು ದಿನ ರಜೆ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗುತ್ತಿದ್ದರೋ ಏನೋ. ಇವನ ಪಾಡು ಬೇರೆ. ಇವನ ಅಂಗಡಿ ನಿಂತಿದ್ದದ್ದೇ ಅವಳ ಮಾತಿನ ಮೇಲೆ.

ಊರವರು ಅವನನ್ನು ಬಣ್ಣದ ಬ್ರಹ್ಮ ಎಂದು ಕರೆಯುತ್ತಿದ್ದರು. ಅಂಗಿಯ ಗುಂಡಿಯನ್ನೋ ಹಳೇ ಬಾಗಿಲಿನ ಚಕ್ಕೆಯನ್ನೋ ತಂದು ಕೊಟ್ಟು, ‘ಇದೇ ಬಣ್ಣ ಬೇಕು’ ಎಂದರೆ ಸಾಕು, ಬ್ರಹ್ಮ ಕೋಲು ಹಿಡಿದು ಡಬ್ಬಿಯೊಳಗೆ ಕಲಸಲು ನಿಲ್ಲುತ್ತಿದ್ದ. ಒಂದು ಹನಿ ಇದು, ಎರಡು ಹನಿ ಅದು. ಹತ್ತು ನಿಮಿಷಕ್ಕೆ ಗುಂಡಿಯನ್ನು ಡಬ್ಬಿಗೆ ಹಾಕಿದರೆ ಹುಡುಕಿ ತೆಗೆಯಲು ಆಗಬಾರದು, ಅಷ್ಟು ಕರಾರುವಾಕ್ಕು. ಅಂಥ ಬ್ರಹ್ಮನಿಗೆ ಹುಟ್ಟಿದಾಗಿನಿಂದ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುತ್ತಿರಲಿಲ್ಲ. ಹಳದಿ ಗೊತ್ತಾಗುತ್ತಿತ್ತು, ಆದರೆ ಅದಕ್ಕೆ ಒಂದು ತೊಟ್ಟು ಕೆಂಪು ಬೆರೆತರೆ ಮುಗಿಯಿತು. ಗುಲಾಬಿ, ತಿಳಿಹಸಿರು, ಬೂದು, ಮೂರೂ ಅವನ ಪಾಲಿಗೆ ಒಂದೇ ತಾಯಿಯ ಮಕ್ಕಳು.

ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ‘ಚೆನ್ನಾಗಿ ಹಣ್ಣಾಗಿರೋ ಟೊಮೆಟೊ ತನ್ನಿ’ ಎಂದು ಕಳಿಸಿದ್ದಳು. ಇವನು ಒಂದೊಂದನ್ನೂ ಎತ್ತಿ, ತಿರುಗಿಸಿ ನೋಡಿ, ಆರಿಸಿ ಆರಿಸಿ ಕಾಯಿಗಳನ್ನೇ ತಂದ. ಅವಳು ಚೀಲ ಬಗ್ಗಿಸಿ ನೋಡಿದಳು, ಗಂಡನ ಮುಖ ನೋಡಿದಳು, ಯಾರಿಗೂ ಹೇಳಲಿಲ್ಲ. ಮರುದಿನದಿಂದ ಅಂಗಡಿಗೆ ಬಂದು ಕುಂಚಗಳ ಕಪಾಟಿನ ಪಕ್ಕ ಕೂತಳು.

ಗಿರಾಕಿಗಳ ಎದುರಿಗೆ ‘ಇನ್ನೊಂದು ಚೂರು ಕೆಂಪು ಹಾಕಿ’ ಎನ್ನುವ ಹಾಗಿಲ್ಲ, ಗಂಡನ ಮರ್ಯಾದೆ ಪ್ರಶ್ನೆ. ಹೇಗೂ ಅವಳಿಗೆ ಅವನನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಅದನ್ನೇ ಉಪಾಯ ಮಾಡಿಕೊಂಡಳು. ‘ರೀ’ ಎಂದರೆ ಕೆಂಪಿನ ಕಡೆ. ‘ಏನೂಂದ್ರೆ’ ಎಂದರೆ ಹಳದಿ, ಹಸಿರಿನ ಕಡೆ. ‘ಕೇಳಿಸ್ತಾ?’ ಎಂದರೆ ಸಾಕು, ಕೈ ತೆಗೀರಿ. ಇವನು ‘ಏನೇ?’ ಎನ್ನುವನು, ಅವಳು ‘ಏನಿಲ್ಲ’ ಎನ್ನುವಳು, ಅಷ್ಟರಲ್ಲಿ ಹನಿ ಬಿದ್ದಾಗಿರುತ್ತಿತ್ತು. ನೋಡಿದವರೆಲ್ಲ, ‘ಎಂಥ ಅನ್ಯೋನ್ಯ ನೋಡಿ! ಇಪ್ಪತ್ತೇಳು ವರ್ಷ ಆದ್ರೂ ನಿಮಿಷಕ್ಕೊಂದು ಸಲ ಗಂಡನ್ನ ಕರೀದೇ ಇರಲ್ಲ’ ಎಂದು ಮೆಚ್ಚುತ್ತಿದ್ದರು. ಕೆಲವು ಮನೆಗಳಲ್ಲಿ ಇದೇ ಮಾತಿನಿಂದ ಜಗಳವೂ ಆಗಿತ್ತು.

ಹೀಗಿರುವಾಗ ಗುರುವಾರ ವರ್ತಕರ ಸಂಘದವರು ಅವನಿಗೆ ಸನ್ಮಾನ ಮಾಡಿ ಒಂದು ಫಲಕ ಕೊಟ್ಟರು. ಕೈಗೆ ಮೈಕು ಕೊಟ್ಟರು, ಅದೇ ತಪ್ಪಾದದ್ದು. ‘ಈ ಕಣ್ಣು ನಾನು ಸಂಪಾದಿಸಿದ್ದಲ್ಲ, ಹುಟ್ಟುವಾಗಲೇ ದೇವರು ಕೊಟ್ಟು ಕಳಿಸಿದ್ದು’ ಎಂದುಬಿಟ್ಟ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಹುಮ್ಮಸ್ಸಿನಲ್ಲಿ ತಂದೆಯನ್ನು ನೆನೆದ, ಗುರುಗಳನ್ನು ನೆನೆದ, ಅಂಗಡಿಯ ಮುಂದೆ ಮಲಗುವ ನಾಯಿಯನ್ನೂ ನೆನೆದ. ಮೂರನೇ ಸಾಲಿನಲ್ಲಿ ಕೂತಿದ್ದ ಹೆಂಡತಿ ನಾಯಿಯ ಸರದಿ ಬಂದು ಹೋದ ಮೇಲೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಮನೆಗೆ ಹೋದಳು. ಅಲ್ಲಿಂದ ಬಾಯಿಗೆ ಬೀಗ.

ಭಾನುವಾರ ಬೆಳಿಗ್ಗೆ ಅಣಬೆ ಬಳಗದವರು ಊರಾಚೆಯ ನೀರಿನ ಟ್ಯಾಂಕಿನ ಹಿಂದಿನ ಕಾಡಿಗೆ ಹೊರಟರು. ಬಳಗದ ಮುಖ್ಯಸ್ಥರು ಸಸ್ಯಶಾಸ್ತ್ರದ ಮೇಷ್ಟ್ರು, ನಿವೃತ್ತರು. ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಜೊತೆಗೆ ಹಲ್ಲು ಡಾಕ್ಟರು. ಮೂರನೆಯವನು ಬ್ರಹ್ಮನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬೇಕರಿ ಇಟ್ಟವನು. ಗಂಡ ಹೆಂಡತಿ ಇಬ್ಬರೂ ಅವನನ್ನು ಭಾವ ಎನ್ನುತ್ತಿದ್ದರು. ಭಾವನಿಗೆ ಅಣಬೆಯ ಶಾಸ್ತ್ರದಲ್ಲಿ ಆಸಕ್ತಿ ಇರಲಿಲ್ಲ, ಅಣಬೆಯಲ್ಲಿತ್ತು. ಆರು ವಾರದಿಂದ ಪುಟ್ಟ ಗ್ಯಾಸ್ ಒಲೆ, ಬಾಣಲೆ, ಬೆಣ್ಣೆ ಹೊತ್ತು ಬರುತ್ತಿದ್ದ. ಆರು ವಾರವೂ ಮೇಷ್ಟ್ರು ಸಿಕ್ಕಿದ್ದಕ್ಕೆಲ್ಲ ‘ತಿನ್ನೋ ಹಾಗಿಲ್ಲ’ ಎಂದು ತಲೆಯಾಡಿಸಿದ್ದರು, ಅವನು ಬರೀ ಬ್ರೆಡ್ಡಿಗೆ ಬೆಣ್ಣೆ ಸವರಿ ತಿಂದು ಹೋಗಿದ್ದ. ಈ ಸಲ ಹೊಸಬರೂ ಬರಲಿ ಎಂದು ನಾದಿನಿಯನ್ನೂ ಅವಳ ಗಂಡನನ್ನೂ ಕರೆದಿದ್ದ. ಭಾವ ಕರೆದ ಮೇಲೆ ಹೋಗಲೇಬೇಕು ಎಂದು ಅವಳು ಬಂದಳು. ಗಂಡನಿಂದ ಹತ್ತು ಹೆಜ್ಜೆ ಹಿಂದೆ, ಅಳತೆ ಮಾಡಿದ ಹಾಗೆ.

ದಾರಿಯಲ್ಲಿ ಹಲ್ಲು ಡಾಕ್ಟರು ಬ್ರಹ್ಮನ ಪಕ್ಕಕ್ಕೆ ಬಂದರು.

“ಶುಕ್ರವಾರ ನೀವು ಕಲಸಿ ಕೊಟ್ರಲ್ಲ ಬಣ್ಣ, ಆಸ್ಪತ್ರೆ ಗೋಡೆಗೆ ಹೊಡೆಸಿದೆ. ನಾನು ತಿಳಿಹಸಿರು ಕೇಳಿದ್ದು. ಗೋಡೆ ನೋಡಿದ್ರೆ ಒಳ್ಳೇ ಒಸಡಿನ ಥರ ಇದೆ. ಕೂತ ಪೇಷಂಟು, ಯಾರದೋ ಬಾಯೊಳಗೆ ಕೂತ ಹಾಗಾಗುತ್ತೆ ಅಂದ.”

“ಒಣಗಬೇಕು ಡಾಕ್ಟ್ರೇ,” ಎಂದ ಬ್ರಹ್ಮ. “ಹಸಿರು ನಿಧಾನಕ್ಕೆ ಮೇಲೆ ಬರುತ್ತೆ.”

ಶುಕ್ರವಾರ ಅವನು ಒಬ್ಬನೇ ಕಲಸಿದ್ದ. ಕುಂಚದ ಕಪಾಟಿನ ಕಡೆಯಿಂದ ಒಂದು ಸೊಲ್ಲೂ ಬಂದಿರಲಿಲ್ಲ. ಇನ್ನೊಂದು ವಾರ ಹೀಗೇ ನಡೆದರೆ ಊರಿನ ಗೋಡೆಗಳೇ ತನ್ನ ಮಾನ ಹರಾಜು ಹಾಕುತ್ತವೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ಷಮೆ ಕೇಳಿದರೆ ಮುಗಿಯುತ್ತಿತ್ತು. ಆದರೆ ಏನೆಂದು ಕೇಳುವುದು? ಮೈಕಿನಲ್ಲಿ ಆಡಿದ್ದನ್ನು ಅಡುಗೆಮನೆಯಲ್ಲಿ ವಾಪಸು ತೆಗೆದುಕೊಂಡರೆ ಅವಳು ಒಪ್ಪುವವಳಲ್ಲ.

ಒಂದು ದೊಡ್ಡ ಮರದ ಬುಡದ ಹತ್ತಿರ ಡಾಕ್ಟರೇ ಮೊದಲು ನೋಡಿದ್ದು. ತರಗೆಲೆಯ ನಡುವೆ ಅಂಗೈಯಗಲ ಅಣಬೆ, ಆದರೆ ಕೊಡೆಯ ಹಾಗಿಲ್ಲ. ದಪ್ಪ ಬುಡ, ಬುಡದಿಂದ ಕೊಂಬೆ, ಕೊಂಬೆಗೆ ಕೊಂಬೆ, ಕವಲಿಗೆ ಕವಲು, ತುದಿಯಲ್ಲಿ ಹಲ್ಲಿನ ಹಾಗೆ ಸಣ್ಣ ಸಣ್ಣ ಮೊನೆ. ಪಕ್ಕದಲ್ಲಿ ಅಂಥವೇ ಇನ್ನೂ ಎಂಟು ಹತ್ತು.

“ಹವಳದ ಅಣಬೆ!” ಎಂದರು ಮೇಷ್ಟ್ರು. ಮಂಡಿಯೂರಿದರು. ಬುಡ ಕೆದಕಿ, ಮರದ ತುಂಡಿನ ಮೇಲಲ್ಲ, ಮಣ್ಣಿನಲ್ಲೇ ಬೆಳೆದದ್ದು ಎಂದು ಖಾತ್ರಿ ಮಾಡಿಕೊಂಡರು. ಉಗುರಿನಿಂದ ಗೀರಿದರು, ಮೂಸಿದರು. ಕೈಪಿಡಿ ತೆಗೆದು ಮೂಗಿಗೆ ತಾಗಿಸಿಕೊಂಡು ಓದಿದರು.

“ಎರಡರಲ್ಲಿ ಒಂದು. ಕೊಂಬೆ ಬಿಳಿ, ತುದಿ ಗುಲಾಬಿ ಆಗಿದ್ರೆ ತಿನ್ನೋದು. ರುಚಿ ಅಂದ್ರೆ ರುಚಿ. ಕೊಂಬೆ ಗುಲಾಬಿ, ತುದಿ ಹಳದಿ ಆಗಿದ್ರೆ ಮಾತ್ರ ಮುಟ್ಟಬಾರದು. ತಿಂದವರು ಎರಡು ದಿನ ಪಾಯಿಖಾನೆಯಿಂದ ಈಚೆ ಬರಲ್ಲ.”

“ಗುಲಾಬಿ!” ಎಂದ ಭಾವ, ಅಣಬೆಯ ಕಡೆ ಸರಿಯಾಗಿ ನೋಡುವುದಕ್ಕೂ ಮುಂಚೆ. “ತುದಿ ಗುಲಾಬಿ, ಕೊಂಬೆ ಬಿಳಿ. ಹಚ್ಲಾ ಒಲೆ?”

“ನಂಗೇನೋ ತುದಿ ಹಳದಿ ಕಾಣುತ್ತೆ,” ಎಂದರು ಡಾಕ್ಟರು.

“ನಿಮಗೆ ಹಲ್ಲು ನೋಡಿ ನೋಡಿ ಎಲ್ಲಾ ಹಳದೀನೇ.”

“ಅಣಬೆಯಿಂದ ಉದುರೋ ಬೀಜಕದ ಪುಡಿಯ ಬಣ್ಣ ನೋಡೋದು ಇನ್ನೊಂದು ದಾರಿ,” ಎಂದರು ಮೇಷ್ಟ್ರು. “ಕಾಗದದ ಮೇಲಿಟ್ಟು ಲೋಟ ಮುಚ್ಚಿ ನಾಳೆವರೆಗೂ ಕಾಯ್ಬೇಕು. ಅದರಿಂದ್ಲೂ ಪೂರ್ತಿ ತೀರ್ಮಾನ ಆಗಲ್ಲ ಅನ್ನಿ.”

“ನಾಳೆವರೆಗೆ ಬೆಣ್ಣೆ ಇರಲ್ಲ ಮೇಷ್ಟ್ರೇ.”

ಮೇಷ್ಟ್ರು ನಿಟ್ಟುಸಿರು ಬಿಟ್ಟರು. “ನನ್ನ ಕಣ್ಣಂತೂ ಈಗ ಲೆಕ್ಕಕ್ಕಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂದ ಹಾಗೆ, ಪೊರೆ ಬಂದವನಿಗೆ ಲೋಕವೇ ಚಹಾದ ಬಣ್ಣ.” ತಟ್ಟನೆ ಮುಖ ಅರಳಿತು. “ಅಲ್ಲಯ್ಯಾ, ಬ್ರಹ್ಮನನ್ನೇ ಪಕ್ಕದಲ್ಲಿಟ್ಕೊಂಡು ನಾವು ಜಗಳ ಆಡ್ತಿದೀವಲ್ಲ! ಬಾರಯ್ಯ ಇಲ್ಲಿ. ನೀನು ಹೇಳಿದ್ದೇ ಕೊನೆ ಮಾತು.”

ಬ್ರಹ್ಮ ಕೈ ಚಾಚಿದ. ಅಣಬೆಯನ್ನು ಅವನ ಅಂಗೈಯಲ್ಲಿಟ್ಟರು. ನೋಡಿದ. ಬುಡ ಒಂದು ಥರದ ಮಾಸಲು, ಕೊಂಬೆ ಇನ್ನೊಂದು ಥರದ ಮಾಸಲು, ತುದಿ ಎರಡಕ್ಕಿಂತ ತುಸು ಹೆಚ್ಚು ಮಾಸಲು. ಪಕ್ಕದಲ್ಲೇ ಇದ್ದ ಹೆಂಡತಿಯನ್ನು ಕೇಳಬೇಕೆಂದು ಅಲ್ಲಿ ಒಬ್ಬರಿಗೂ ತೋಚಲಿಲ್ಲ. ಅವಳು ಬೆನ್ನು ತಿರುಗಿಸಿ ದೂರದ ಮರವೊಂದನ್ನು ನೋಡುತ್ತ ನಿಂತಿದ್ದಳು.

“ಕಂಪನಿಯ ಬಣ್ಣದ ಪಟ್ಟೀಲಿ ಇದು ನಾನೂರ ಹದಿನೇಳಕ್ಕೂ ನಾನೂರ ಹದಿನೆಂಟಕ್ಕೂ ನಡುವೆ ಬರುತ್ತೆ,” ಎಂದ ಗಂಭೀರವಾಗಿ.

ಎಲ್ಲರೂ ತಲೆದೂಗಿದರು. “ಆಹಾ,” ಎಂದರು ಡಾಕ್ಟರು.

“ಅಡ್ಡಗೋಡೆ ಮೇಲೆ ದೀಪ ಇಡಬೇಡಯ್ಯ,” ಎಂದರು ಮೇಷ್ಟ್ರು. “ನನ್ನ ಪುಸ್ತಕದಲ್ಲಿ ನಂಬರಿಲ್ಲ. ಗುಲಾಬಿನೋ ಹಳದಿನೋ ಹೇಳು.”

ಈಗ ಬ್ರಹ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ‘ರೀ’ ಅಥವಾ ಒಂದೇ ಒಂದು ‘ಏನೂಂದ್ರೆ’. “ಏನೇ, ಒಂಚೂರು ನೀರು ಕೊಡೇ,” ಎಂದ. ಬಾಟಲಿ ಬಂತು, ಮಾತು ಬರಲಿಲ್ಲ. “ನನ್ನ ಕನ್ನಡಕ ಎಲ್ಲಿಟ್ಟೆ?” ಎಂದ. ಅವನ ಮೂಗಿನ ಮೇಲೇ ಇತ್ತು. ಅವಳು ಬೆರಳಲ್ಲಿ ತೋರಿಸಿದಳು. “ಬೆನ್ನ ಮೇಲೆ ಏನೋ ಹುಳ ಹರೀತಾ ಇದೆ ನೋಡೇ,” ಎಂದ. ಭಾವ ಬಂದು ಬೆನ್ನಿಗೆ ಎರಡು ಬಾರಿಸಿ ಹೋದ.

“ಬೆಳಕು ಸಾಲದು,” ಎಂದು ಬ್ರಹ್ಮ ಅಣಬೆಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದೆ ಹಿಂದೆ ಹೆಜ್ಜೆಯಿಟ್ಟ. ಹಿಂದೆ ಮರದ ಬೇರು ಎದ್ದು ನಿಂತಿತ್ತು, ಅದರಾಚೆ ಮುಳ್ಳಿನ ಪೊದೆ ಇತ್ತು. ಹಿಮ್ಮಡಿ ಬೇರಿಗೆ ತಗುಲಿತು, ಕೈ ಗಾಳಿಯಲ್ಲಿ ತಿರುಗಿತು.

“ರೀ!”

ಬ್ರಹ್ಮ ಹೇಗೋ ಮರದ ಕೊಂಬೆ ಹಿಡಿದು ನಿಂತುಕೊಂಡ. ಮೂರು ದಿನದ ಮೇಲೆ ಕಿವಿಗೆ ಅಮೃತ ಬಿದ್ದ ಹಾಗಾಗಿತ್ತು. ಅವಳು ಕರೆದಿದ್ದಳು! ಎಷ್ಟಾದರೂ ಕೈ ಹಿಡಿದವಳು, ನಡುನೀರಿನಲ್ಲಿ ಬಿಡುತ್ತಾಳೆಯೇ? ‘ರೀ’ ಎಂದರೆ ಕೆಂಪಿನ ಕಡೆ. ಕೆಂಪಿನ ಕಡೆ ಎಂದರೆ ಗುಲಾಬಿ. ಇಪ್ಪತ್ತೇಳು ವರ್ಷದ ಅಭ್ಯಾಸ, ಯೋಚನೆಗಿಂತ ಮೊದಲು ಬಾಯಿ ಓಡಿತು.

“ಗುಲಾಬಿ!” ಎಂದು ಘೋಷಿಸಿದ. “ತುದಿ ಗುಲಾಬಿ. ಅನುಮಾನವೇ ಇಲ್ಲ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಭಾವ ಒಲೆ ಹಚ್ಚಿಯೇಬಿಟ್ಟ. ಡಾಕ್ಟರು ಅಣಬೆ ಬಿಡಿಸಿ ಬಿಡಿಸಿ ಕೊಟ್ಟರು. ಬಾಣಲೆಯಲ್ಲಿ ಬೆಣ್ಣೆ ಕರಗಿ ನೊರೆ ಎದ್ದಿತು. ಬ್ರಹ್ಮ ಹೆಂಡತಿಯ ಕಡೆ ತಿರುಗಿ, ಋಣ ತೀರಿಸಲಾರೆ ಎನ್ನುವ ಹಾಗೆ ಒಂದು ನಗೆ ನಕ್ಕ.

ಅವಳು ನಗಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಮರಕ್ಕೆ ಹೇಳುತ್ತಿದ್ದಳು: “ಬಿದ್ದು ಸೊಂಟ ಮುರ್ಕೊಂಡಿದ್ರೆ ಯಾರು ನೋಡ್ಕೋಬೇಕಿತ್ತು? ಕಣ್ಣು ದೇವರು ಕೊಟ್ಟಿದ್ದಂತೆ, ಕಾಲ ಕೆಳಗಿಂದು ಕಾಣಲ್ಲ.”

ಬ್ರಹ್ಮನ ನಗೆ ಮುಖದಲ್ಲೇ ಒಣಗಿತು. ಆ ‘ರೀ’ ಬಣ್ಣದ್ದಲ್ಲ, ಬೀಳುವುದರದ್ದು. ಅವಳು ಅಣಬೆಯ ಕಡೆ ಒಮ್ಮೆಯೂ ತಿರುಗಿ ನೋಡಿರಲೇ ಇಲ್ಲ.

ಈಗೇನು ಮಾಡುವುದು? ನುಂಗಿದರೆ ಗಂಟಲು ಸುಡುವ, ಉಗುಳಿದರೆ ಮಾನ ಹೋಗುವ ಬಿಸಿತುಪ್ಪ. “ಇನ್ನೊಂದ್ಸಲ ನೋಡೋಣ್ವಾ?” ಎಂದ. “ನೋಡಿದ್ದು ಸಾಕು, ಇನ್ನು ತಿನ್ನೋದು,” ಎಂದ ಭಾವ. “ತಣ್ಣಗಾದ ಮೇಲೆ ಮನೆಗೆ ತಗೊಂಡು ಹೋಗಿ…” ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರಿಮಳ ಬೇರೆ ಎದ್ದಿತ್ತು. ಕೆಟ್ಟ ಅಣಬೆಗೆ ಇಷ್ಟು ಒಳ್ಳೆಯ ಪರಿಮಳ ಇರಲಾರದು ಎಂದು ಒಂದು ಕ್ಷಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಬೆಣ್ಣೆಯ ಪರಿಮಳ ಎಂದು ಅವನಿಗೂ ಗೊತ್ತಿತ್ತು.

“ಮೊದಲ ತಟ್ಟೆ ಬ್ರಹ್ಮನಿಗೆ!” ಎಂದು ಭಾವ ಅವನ ಕೈಗೇ ಕೊಟ್ಟ.

ಬ್ರಹ್ಮ ತಟ್ಟೆ ನೋಡಿದ. ಎರಡು ದಿನ ಪಾಯಿಖಾನೆ. ಇಪ್ಪತ್ತೇಳು ವರ್ಷದ ಹೆಸರಿಗೆ ಎರಡು ದಿನ, ಅಂಥ ದುಬಾರಿಯಲ್ಲ. ಭಾವನೂ ತಿನ್ನಲಿ, ಅವನ ಆತುರಕ್ಕೆ ತಕ್ಕದ್ದೇ. ಡಾಕ್ಟರು ತಿಂದು ಮಲಗಿದರೆ ಗೋಡೆಯ ವಿಷಯವಾದರೂ ಮರೆತಾರು. ಹೌದು, ಇಷ್ಟು ನೀಚವಾಗಿ ಅವನು ಯೋಚಿಸಿದ. ಮಾನ ಉಳಿಸಿಕೊಳ್ಳಲು ಹೊರಟ ಮನುಷ್ಯ ಎಷ್ಟು ಕೆಳಗಿಳಿಯುತ್ತಾನೆ ಎನ್ನುವುದಕ್ಕೆ ಮಿತಿ ಇಲ್ಲ. ಚಮಚ ಎತ್ತಿಯೂ ಎತ್ತಿದ.

ಅಷ್ಟರಲ್ಲಿ ಎರಡನೇ ತಟ್ಟೆ ಅವಳಿಗೆ ಹೋಯಿತು. ಅವಳು ತಟ್ಟೆ ತೆಗೆದುಕೊಂಡು, ಮೂರು ದಿನದಲ್ಲಿ ಮೊದಲ ಸಲ ಗಂಡನ ಮುಖವನ್ನು ನೇರ ನೋಡಿದಳು. ನೋಡುತ್ತಲೇ ಚಮಚ ತುಂಬಿಕೊಂಡಳು. ನೋಡುತ್ತಲೇ ಬಾಯಿಯ ಹತ್ತಿರ ತಂದಳು.

“ಬೇಡ!” ಬ್ರಹ್ಮ ಹಾರಿ ಅವಳ ಕೈಗೆ ಹೊಡೆದ. ತಟ್ಟೆ ಅಣಬೆ ಸಮೇತ ಹುಲ್ಲಿನ ಮೇಲೆ ಬಿತ್ತು. “ಯಾರೂ ತಿನ್ಬೇಡಿ! ನಂಗೆ ಗೊತ್ತಿಲ್ಲ ಅದು ಯಾವ ಬಣ್ಣ ಅಂತ.”

“ಈಗ ತಾನೇ ಗುಲಾಬಿ ಅಂದ್ಯಲ್ಲೋ!” ಎಂದ ಭಾವ.

“ಗುಲಾಬಿ ಹೇಗಿರುತ್ತೆ ಅಂತಾನೇ ಗೊತ್ತಿಲ್ಲ ಭಾವ. ಕೆಂಪೂ ಗೊತ್ತಿಲ್ಲ, ಹಸಿರೂ ಗೊತ್ತಿಲ್ಲ. ಹುಟ್ಟಿದಾಗಿಂದ ಹೀಗೇ.” ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. “ಅಂಗಡೀಲಿ ಬಣ್ಣ ಕಲಸೋದು ನನ್ನ ಕೈ, ನೋಡೋದು ಇವಳು. ಗುರುವಾರ ದೇವರು ಕಣ್ಣು ಕೊಟ್ಟ ಅಂದ್ನಲ್ಲ, ಅದು ಸುಳ್ಳು. ಕಣ್ಣು ಕೊಟ್ಟಿದ್ದು ಇವಳು. ನಾಯಿ ಹೆಸರು ಹೇಳಿದೆ, ಇವಳ ಹೆಸರು ಹೇಳ್ಲಿಲ್ಲ. ತಪ್ಪಾಯ್ತು.”

ಬಾಣಲೆ ಚಿರ್ ಎನ್ನುತ್ತಲೇ ಇತ್ತು. ಅವಳು ಬಗ್ಗಿ ಒಲೆ ಆರಿಸಿದಳು. ತಟ್ಟೆಗೆ ಬಡಿಸುವ ಮುಂಚೆಯೇ ಅವಳು ಒಲೆಯ ತಿರುಪಿನ ಪಕ್ಕಕ್ಕೆ ಬಂದು ನಿಂತಿದ್ದಳು ಎಂದು ಬ್ರಹ್ಮನಿಗೆ ಆಗ ಹೊಳೆಯಿತು.

“ತಿನ್ನೋಳಿದ್ಯಾ ನೀನು?” ಎಂದ.

“ನಂಗೇನು ಹುಚ್ಚಾ? ಎಲ್ಲೀವರೆಗೆ ಹೋಗ್ತೀರಿ ಅಂತ ನೋಡ್ತಿದ್ದೆ.” ಮಾತು ಬಂದಿತ್ತು. ಬಂದದ್ದೇ ಮೇಷ್ಟ್ರ ಕಡೆ ತಿರುಗಿತು. “ಒಂದು ಇಡೀ ಅಣಬೆ ಕೊಡಿ ಮೇಷ್ಟ್ರೇ, ಬಿಡಿಸದೇ ಇರೋದು.”

ಕೊಟ್ಟರು. ಅವಳು ಹೊರಗಿನ ಕೊಂಬೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಅಷ್ಟೇ. ಎರಡು ಹೆಬ್ಬೆರಳು ತೂರಿಸಿ ಅಣಬೆಯನ್ನು ನಡುವೆ ಸೀಳಿದಳು.

“ಹೊರಗಿನ ಬಣ್ಣ ನೋಡಿ ಜಗಳ ಆಡ್ತಿದೀರಿ ನೀವು. ಅದು ಬಿಸಿಲಿಗೆ ಬಿಳಿಚಿದೆ, ಹೋದ ವಾರದ ಮಳೆಗೆ ತೊಳೆದು ಹೋಗಿದೆ. ಹಳೇ ಗೋಡೆಯ ನಿಜವಾದ ಬಣ್ಣ ಬೇಕು ಅಂದ್ರೆ ಕ್ಯಾಲೆಂಡರ್ ಎತ್ತಿ ಅದರ ಹಿಂದೆ ನೋಡ್ಬೇಕು.” ಒಳಗಿನ ಎಳೆಯ ಕವಲುಗಳನ್ನು ಬೆಳಕಿಗೆ ಹಿಡಿದಳು. “ಇಲ್ನೋಡಿ. ಕೊಂಬೆ ಗುಲಾಬಿ. ತುದಿ ಹಳದಿ. ನಿಂಬೆಹಣ್ಣಿನ ಹಳದಿ.”

ಡಾಕ್ಟರು ನೋಡಿ ಹೌದೆಂದರು. ಭಾವ ನೋಡಿ, ಬಹಳ ಹೊತ್ತು ನೋಡಿ, ಬಾಣಲೆಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಬ್ರೆಡ್ಡಿನ ಪೊಟ್ಟಣ ಬಿಚ್ಚಿದ. ಏಳನೇ ವಾರ.

ಮೇಷ್ಟ್ರು ಮಾತ್ರ ಕೈಪಿಡಿಯ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡರು. ‘ಸೀಳಿ ಒಳಗೆ ನೋಡತಕ್ಕದ್ದು.’ “ನಲವತ್ತು ವರ್ಷ ಪಾಠ ಮಾಡಿದೀನಿ, ಕ್ಯಾಲೆಂಡರಿನ ಹಿಂದೆ ನೋಡ್ಬೇಕು ಅಂತ ನಂಗೆ ಹೊಳೀಲಿಲ್ಲಮ್ಮ.”

“ಹಾಗಾದ್ರೆ ನನ್ನ ಗೋಡೆ?” ಎಂದರು ಡಾಕ್ಟರು ಇದ್ದಕ್ಕಿದ್ದ ಹಾಗೆ.

“ಶುಕ್ರವಾರ ನಾನು ಮಾತು ಬಿಟ್ಟಿದ್ದೆ ಡಾಕ್ಟ್ರೇ. ನಾಳೆ ಬನ್ನಿ, ಸರಿ ಮಾಡಿ ಕೊಡ್ತೀನಿ.”

“ಒಣಗಿದ್ರೆ ಹಸಿರು ಮೇಲೆ ಬರುತ್ತೆ ಅಂದ್ರು ಇವರು.”

“ನೂರು ವರ್ಷ ಒಣಗಿದ್ರೂ ಬರಲ್ಲ.”

ಭಾವ ಮೊದಲು ನಕ್ಕ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು. ಆಮೇಲೆ ಎಲ್ಲರೂ ನಕ್ಕರು. ಬ್ರಹ್ಮನಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಗಿತ್ತು. ಆದರೆ ಇಪ್ಪತ್ತೇಳು ವರ್ಷ ಹೊತ್ತು ನಿಂತ ಮೂಟೆ ಕೆಳಗಿಟ್ಟ ಹಾಗೆ ಹಗುರವೂ ಆಗಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳುವುದು ಕಷ್ಟ.

ಹಿಂದಿರುಗುವಾಗ ಹತ್ತು ಹೆಜ್ಜೆಯ ಅಂತರ ಇರಲಿಲ್ಲ. ಉಳಿದವರು ಮುಂದೆ ಹೋಗಿದ್ದರು. ಸೀಳಿದ ಅಣಬೆಯ ಒಂದು ಹೋಳು ಅವಳ ಕೈಯಲ್ಲಿತ್ತು. ಬ್ರಹ್ಮ ಅದನ್ನೇ ನೋಡುತ್ತ ನಡೆದ. ಇಪ್ಪತ್ತೇಳು ವರ್ಷ ‘ರೀ’ ಎಂದರೆ ಹನಿ ಹಾಕಿದ್ದ, ‘ಕೇಳಿಸ್ತಾ’ ಎಂದರೆ ನಿಲ್ಲಿಸಿದ್ದ. ಅವಳಿಗೆ ಕಾಣುವುದೇನು ಎಂದು ಒಂದು ದಿನವೂ ಕೇಳಿರಲಿಲ್ಲ.

“ಗುಲಾಬಿ ಅಂದ್ರೆ ಹೇಗಿರುತ್ತೇ?” ಎಂದು ಕೇಳಿದ.

ಅವಳು ನಿಂತಳು. ಅಣಬೆ ನೋಡಿದಳು, ಆಕಾಶ ನೋಡಿದಳು. ಸುಲಭವಾಗಿ ಹೇಳುವಂಥದ್ದಲ್ಲ ಎಂದು ಅವಳಿಗೂ ಆಗಲೇ ಗೊತ್ತಾದ ಹಾಗಿತ್ತು.

“ನೀವು ಗಿರಾಕಿಗಳ ಮುಂದೆ ಸುಳ್ಳು ಹೇಳ್ತೀರಲ್ಲ,” ಎಂದಳು ಕೊನೆಗೆ, “ಆಗ ನಿಮ್ಮ ಕಿವಿ ಆಗುತ್ತೆ ನೋಡಿ, ಆ ಬಣ್ಣ.”

ಬ್ರಹ್ಮ ಕಿವಿ ಮುಟ್ಟಿಕೊಂಡ. ಇಷ್ಟು ವರ್ಷ ಅದು ಆ ಬಣ್ಣಕ್ಕೆ ತಿರುಗುತ್ತಿತ್ತು, ಅವಳು ನೋಡುತ್ತ ಕೂತಿದ್ದಳು.

“ಈಗ ಹೇಗಿದೆ?”

ಅವಳು ಹತ್ತಿರ ಬಂದು, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಕಡೆ ಒಂದು, ಈ ಕಡೆ ಒಂದು, ಎರಡೂ ಕಿವಿ ನೋಡಿದಳು.

“ಈಗ ಬರೀ ಕಿವಿ,” ಎಂದಳು.